ಟ್ಯಾರೋ ಡೆಕ್‌ನಲ್ಲಿ ಲೆಗ್ಬಾನನ್ನು ಎಲ್ಲಿ ಕೂರಿಸೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

 

ಇನ್‌ಸ್ಟಾಗ್ರಾಮ್ ತೆರೆದ್ರೆ ಟ್ಯಾರೋ ರೀಲ್ ಕಾಣಿಸದ ದಿನ ಇಲ್ಲ. "ಈ ವಿಡಿಯೋ ನಿಮ್ಮ ಕಣ್ಣಿಗೆ ಬಿದ್ದಿದೆ ಅಂದ್ರೆ ಅದಕ್ಕೊಂದು ಕಾರಣ ಇದೆ" ಅಂತ ಶುರು ಮಾಡ್ತಾರಲ್ಲ, ಅದೇ. ಟ್ಯಾರೋ ನಿಜಾನಾ ಸುಳ್ಳಾ ಅನ್ನೋದು ಇವತ್ತಿನ ವಿಷಯ ಅಲ್ಲ. ಭವಿಷ್ಯ ಹೇಳೋದ್ರಲ್ಲಿ ನನಗೆ ನಂಬಿಕೆ ಇಲ್ಲ, ನಂಬೋರ ಜೊತೆ ಜಗಳಾನೂ ಇಲ್ಲ. ನನ್ನ ಕುತೂಹಲ ಬೇರೆ. ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿದ್ರೆ ಬೆಕ್ಕಿನ ಟ್ಯಾರೋ ಇದೆ, ಡ್ರ್ಯಾಗನ್ ಟ್ಯಾರೋ ಇದೆ. ಅದೇ ಸಾಲಲ್ಲಿ ಹೈಟಿ, ಕ್ಯೂಬಾ ಕಡೆಯ ದೇವತೆಗಳ ಟ್ಯಾರೋನೂ ಇದೆ. ಬೆಕ್ಕು ಯಾರ ಮೇಲೂ ಬೇಸರ ಮಾಡ್ಕೊಳ್ಳಲ್ಲ. ಆದ್ರೆ ಜೀವಂತವಾಗಿರೋ ಒಂದು ಧರ್ಮದ ದೇವತೆಗಳನ್ನ ತಗೊಂಡು 78 ಕಾರ್ಡಿನ ಡೆಕ್ ಮಾಡೋದು ಅಂದ್ರೆ ಏನೇನು ತೀರ್ಮಾನ ಮಾಡಬೇಕಾಗುತ್ತೆ?

ಚಿತ್ರ ಬಿಡಿಸೋದು ಇದರಲ್ಲಿ ಸುಲಭದ ಭಾಗ. ಯಾರನ್ನ ಯಾವ ಕಾರ್ಡಿನಲ್ಲಿ ಕೂರಿಸಬೇಕು ಅನ್ನೋದೇ ತಲೆನೋವು. ಒಂದು ಜಾಗ ತಪ್ಪಿದ್ರೆ ಒಂದು ಜನಾಂಗದ ಬಾಗಿಲು ಕಾಯೋ ದೇವರು ಸೈತಾನ ಆಗಿಬಿಡ್ತಾನೆ. ಇತಿಹಾಸದಲ್ಲಿ ಹಾಗೆ ಆಗಿದೆ ಕೂಡ, ಅದಕ್ಕೆ ಬರ್ತೀನಿ.

ಮೊದಲು ಆ 78ರ ಲೆಕ್ಕ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಒಂದು ಆಟವಾಗಿ. ಭವಿಷ್ಯ ಗಿವಿಷ್ಯ ಏನೂ ಇರ್ಲಿಲ್ಲ. 18ನೇ ಶತಮಾನದ ಫ್ರಾನ್ಸ್‌ನಲ್ಲಿ ಕೆಲವರು "ಇದು ಪ್ರಾಚೀನ ಈಜಿಪ್ಟಿನ ರಹಸ್ಯ ಜ್ಞಾನ" ಅಂತ ಕತೆ ಕಟ್ಟಿದ ಮೇಲೆ ಅದು ಶಾಸ್ತ್ರದ ಸಾಮಾನಾಯ್ತು. 22 ದೊಡ್ಡ ಕಾರ್ಡ್‌ಗಳು: ಮೂರ್ಖ, ಜಾದೂಗಾರ, ಸಾಮ್ರಾಜ್ಞಿ, ಚಕ್ರವರ್ತಿ, ಪ್ರೇಮಿಗಳು, ಸಾವು, ಸೈತಾನ, ಸೂರ್ಯ, ಚಂದ್ರ ಇತ್ಯಾದಿ. ಉಳಿದ 56 ನಮ್ಮ ಆಟಿನ್, ಕಳಾವರ್ ತರಾನೇ ನಾಲ್ಕು ಗುಂಪು: ಕೋಲು, ಬಟ್ಟಲು, ಕತ್ತಿ, ನಾಣ್ಯ. ಒಂದೊಂದರಲ್ಲಿ 14.

ಇವತ್ತು ನಿಮ್ಮ ರೀಲ್‌ಗಳಲ್ಲಿ ಕಾಣಿಸೋ ಚಿತ್ರಗಳು ಹೆಚ್ಚಾಗಿ 1909ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ಒಂದೇ ಡೆಕ್‌ನಿಂದ ಬಂದವು. ಅದನ್ನ ರೈಡರ್-ವೇಟ್ ಡೆಕ್ ಅಂತಾರೆ. ರೈಡರ್ ಅಂದ್ರೆ ಪ್ರಕಾಶಕ, ವೇಟ್ ಅಂದ್ರೆ ಸೂಚನೆ ಕೊಟ್ಟ ಲೇಖಕ. ಕಾರ್ಡ್‌ಗಳನ್ನೆಲ್ಲ ಕೂತು ಬಿಡಿಸಿದವಳ ಹೆಸರು ಮಾತ್ರ ಹೆಸರಿನಲ್ಲಿ ಇಲ್ಲ. ಅವಳು ಪಮೇಲಾ ಕೋಲ್ಮನ್ ಸ್ಮಿತ್. ನಮ್ಮ ವಿಷಯಕ್ಕೆ ಅವಳು ಬೇಕಾಗೋದು ಇನ್ನೊಂದು ಕಾರಣಕ್ಕೆ. ಅವಳ ಬಾಲ್ಯದ ಕೆಲವು ವರ್ಷ ಕಳೆದದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಅಲ್ಲಿ ಕೇಳಿದ ಅನಾನ್ಸಿ ಕತೆಗಳನ್ನ 1899ರಲ್ಲಿ ಪುಸ್ತಕ ಮಾಡಿದ್ಲು. ಅನಾನ್ಸಿ ಅಂದ್ರೆ ಪಶ್ಚಿಮ ಆಫ್ರಿಕಾದಿಂದ ಗುಲಾಮರ ಹಡಗಿನಲ್ಲಿ ಕೆರಿಬಿಯನ್‌ಗೆ ಬಂದ ಜೇಡ, ಮಹಾ ಕಿಲಾಡಿ. ಅಂದ್ರೆ ಟ್ಯಾರೋ ಮತ್ತು ಕೆರಿಬಿಯನ್ ನಡುವಿನ ಸಂಬಂಧ ಈಗಿನ ಫ್ಯಾಷನ್ ಅಲ್ಲ. ಜಗತ್ತಿನ ಅತಿ ಪ್ರಸಿದ್ಧ ಡೆಕ್ ಬಿಡಿಸಿದ ಕೈಗೆ ಆ ಕತೆಗಳು ಮೊದಲೇ ಗೊತ್ತಿದ್ವು.

ಅವಳಿಗೆ ಸಿಕ್ಕಿದ ದುಡ್ಡಿನ ವಿಷಯ ಆಮೇಲೆ. ನಾನು ಬಿ.ಕಾಂ ಮಾಡಿದವರ ಪೈಕಿ, ದುಡ್ಡಿನ ವಿಷಯ ಬಿಡಲ್ಲ.

ಒಂದೇ ಪಟ, ಎರಡು ದೇವರು

ನಮಗೆ ಕೆರಿಬಿಯನ್ ಅಂದ್ರೆ ಗೇಲ್, ಚಿನ್ನಸ್ವಾಮಿ ಸ್ಟೇಡಿಯಂ, ಸಿಕ್ಸರ್. ಹೈಟಿ ಮತ್ತು ಕ್ಯೂಬಾ ಆ ಕ್ರಿಕೆಟ್ ಲೋಕದಲ್ಲಿ ಇಲ್ಲ, ಹಾಗಾಗಿ ನಮ್ಮ ಕಣ್ಣಿಗೆ ಬಿದ್ದೇ ಇಲ್ಲ. 16ರಿಂದ 19ನೇ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಹತ್ತಿಸಲಾಯ್ತು ಅನ್ನೋದು ಇತಿಹಾಸಕಾರರ ಲೆಕ್ಕ. ಫೋನ್, ಯೊರುಬಾ, ಕಾಂಗೋ ಜನ ತಮ್ಮ ದೇವರುಗಳನ್ನ ನೆನಪಿನಲ್ಲೇ ಹೊತ್ತು ತಂದ್ರು. ಫ್ರೆಂಚ್ ವಸಾಹತುಗಳಲ್ಲಿ 1685ರ ಕಾನೂನು ಗುಲಾಮರಿಗೆಲ್ಲ ಕ್ಯಾಥೊಲಿಕ್ ದೀಕ್ಷೆ ಕಡ್ಡಾಯ ಮಾಡಿತು. ಜನ ಚರ್ಚಿನ ಸಂತರ ಪಟಗಳ ಮುಂದೆ ಕೂತು ತಮ್ಮ ದೇವರನ್ನ ಕಂಡ್ಕೊಂಡ್ರು. ಹೈಟಿಯಲ್ಲಿ ಅದು ವೊಡು ಧರ್ಮ ಆಯ್ತು, ದೇವತೆಗಳಿಗೆ ಲ್ವಾ ಅಂತಾರೆ. ಕ್ಯೂಬಾದಲ್ಲಿ ಸಾಂತೇರಿಯಾ ಅಥವಾ ಲುಕುಮಿ, ಅಲ್ಲಿ ಓರಿಶಾ ಅಂತಾರೆ.

ಎರಡನ್ನೂ ಕಲಸಿ "ಆಫ್ರೋ-ಕೆರಿಬಿಯನ್" ಅಂತ ಒಂದೇ ಲೇಬಲ್ ಅಂಟಿಸೋದು ಸುಲಭ. ಡಿಸೈನರ್‌ಗಳು ಮೊದಲು ಎಡವೋದು ಅಲ್ಲೇ. ಒಂದು ಉದಾಹರಣೆ ಸಾಕು. ಸಂತ ಲಾಜರಸ್‌ನ ಪಟ: ಊರುಗೋಲು ಹಿಡಿದ ಮುದುಕ, ಮೈತುಂಬ ಹುಣ್ಣು, ಪಕ್ಕದಲ್ಲಿ ನಾಯಿಗಳು. ಹೈಟಿಯಲ್ಲಿ ಈ ಪಟ ನೋಡಿದವರು ಲೆಗ್ಬಾ ಅಂತಾರೆ, ಬಾಗಿಲ ದೇವರು. ಅಲ್ಲಿಂದ ಸುಮಾರು 80 ಕಿಲೋಮೀಟರ್ ಸಮುದ್ರ ದಾಟಿ ಕ್ಯೂಬಾಕ್ಕೆ ಹೋದ್ರೆ ಅದೇ ಪಟ ಬಾಬಾಲು ಆಯೆ, ರೋಗ ಕೊಡೋ, ರೋಗ ವಾಸಿ ಮಾಡೋ ದೇವರು. ಮುದುಕ, ಕೋಲು, ನಾಯಿ ಅಂತ ಗೂಗಲ್‌ನಲ್ಲಿ ಹುಡುಕಿ ಕಾರ್ಡ್ ಬಿಡಿಸಿದ್ರೆ ನೀವು ಯಾರನ್ನ ಬಿಡಿಸಿದ್ರಿ ಅಂತ ನಿಮಗೇ ಗೊತ್ತಿರಲ್ಲ. ಕ್ಯೂಬಾದ ಚಾಂಗೋ, ಗುಡುಗಿನ ದೇವರು, ಗಂಡಸರಲ್ಲಿ ಗಂಡಸು. ಅವನ ಪಟ ಸಂತ ಬಾರ್ಬರಾ, ಒಬ್ಬ ಹೆಣ್ಣುಮಗಳದ್ದು. ಕಾರಣ ಸರಳ: ಅವಳ ಕೈಲಿ ಕತ್ತಿ, ಮೈಮೇಲೆ ಕೆಂಪು ಬಟ್ಟೆ, ಕತೆಯಲ್ಲಿ ಸಿಡಿಲು ಇದೆ.

ಈ ಪಟಗಳ ಪ್ರಯಾಣದಲ್ಲಿ ನಮ್ಮ ದೇಶವೂ ಬರುತ್ತೆ. 1880ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಾವಾಡಿಸೋ ಹೆಂಗಸಿನ ಒಂದು ಬಣ್ಣದ ಪೋಸ್ಟರ್ ಅಚ್ಚಾಯ್ತು. ಉದ್ದ ಕೂದಲು, ಕೊರಳ ಸುತ್ತ ಹಾವು. ಅದು ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಮಾಮಿ ವಾಟಾ ಅನ್ನೋ ನೀರಿನ ದೇವತೆಯ ಮುಖ ಆಯ್ತು. ಬೇಡಿಕೆ ಎಷ್ಟಿತ್ತು ಅಂದ್ರೆ 1955ರಲ್ಲಿ ಬಾಂಬೆಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ ಆ ಚಿತ್ರದ 12,000 ಪ್ರತಿ ಅಚ್ಚು ಹಾಕಿ ಘಾನಾದ ಕುಮಾಸಿ ವ್ಯಾಪಾರಿಗಳಿಗೆ ಕಳಿಸಿತು. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನ ದಾಖಲಿಸಿದ್ದಾರೆ. ಅದೇ ಹ್ಯಾಂಬರ್ಗ್ ಹೆಂಗಸು ಹೈಟಿಯ ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಾಂತಾ ಮಾರ್ತಾ ಲಾ ದೊಮಿನಾದೋರಾ ಅಂತ ಪೂಜೆಗೊಳ್ತಾಳೆ. ಹಾಗಾಗಿ "ಶುದ್ಧ ಆಫ್ರಿಕನ್ ಮೂಲದ ಚಿತ್ರ ಬೇಕು" ಅಂತ ಹಟ ಹಿಡಿಯೋ ಡಿಸೈನರ್‌ಗೆ ಅಂಥದ್ದು ಸಿಗೋದೇ ಕಷ್ಟ. ಜರ್ಮನ್ ಸರ್ಕಸ್ಸು, ಬಾಂಬೆ ಪ್ರೆಸ್ಸು, ಕ್ಯಾಥೊಲಿಕ್ ಸಂತರು, ಎಲ್ಲ ಇದರೊಳಗೆ ಬಂದು ಸೇರಿದ್ದಾರೆ. ಜನ ಸಿಕ್ಕಿದ್ದನ್ನ ತಗೊಂಡು ತಮ್ಮದು ಮಾಡ್ಕೊಂಡ್ರು. ಪರಂಪರೆ ನಡೆದು ಬಂದಿದ್ದೇ ಹಾಗೆ.

ನಾಲ್ಕನೇ ಗುಂಪಿನ ಕತೆ

ಈ ಬಗೆಯ ಡೆಕ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 1992ರ ನ್ಯೂ ಆರ್ಲಿಯನ್ಸ್ ವೂಡೂ ಟ್ಯಾರೋ. ಬರಹ ಲೂಯಿ ಮಾರ್ಟಿನಿಯೆ, ಚಿತ್ರ ಸ್ಯಾಲಿ ಆ್ಯನ್ ಗ್ಲಾಸ್‌ಮನ್. ನ್ಯೂ ಆರ್ಲಿಯನ್ಸ್ ಇರೋದು ಅಮೆರಿಕದಲ್ಲಿ, ಆದ್ರೆ ಹೈಟಿ ಕ್ರಾಂತಿಯ ನಂತರ 1809-10ರಲ್ಲಿ ಕ್ಯೂಬಾ ಮೂಲಕ 9,000ಕ್ಕೂ ಹೆಚ್ಚು ಜನ ಆ ಊರಿಗೆ ವಲಸೆ ಬಂದ್ರು, ತಮ್ಮ ದೇವರುಗಳ ಸಮೇತ. ಮಹಾ ಅರ್ಚಕಿಯ ಕಾರ್ಡಿಗೆ ಅವರು ಕೂರಿಸಿದ್ದು ಆ ಊರಿನಲ್ಲೇ ಬದುಕಿದ್ದ ಮಾರಿ ಲಾವೋ ಅನ್ನೋ ಹೆಂಗಸನ್ನ. ಅವಳು 1881ರಲ್ಲಿ ತೀರಿಕೊಂಡ್ಳು, ಇವತ್ತಿಗೂ ಅವಳ ಸಮಾಧಿಗೆ ಜನ ಹೋಗ್ತಾರೆ. ಅದು ಸರಿಯಾಗಿ ಕೂತಿದೆ ಅಂತ ನನಗನ್ನಿಸುತ್ತೆ.

ಪ್ರೇಮಿಗಳ ಕಾರ್ಡಿಗೆ ಬಂದವರು ಮಾರಾಸಾ, ಅಂದ್ರೆ ಪವಿತ್ರ ಅವಳಿ ಮಕ್ಕಳು. ಇದು ಧೈರ್ಯದ ಆಯ್ಕೆ. "ನನ್ನ ಎಕ್ಸ್ ವಾಪಸ್ ಬರ್ತಾನಾ" ಅಂತ ಕೇಳೋಕೆ ಕೂತವರ ಮುಂದೆ ಎರಡು ಮಕ್ಕಳು ಬಂದು ನಿಂತ್ರೆ ಪ್ರಶ್ನೆಯ ದಿಕ್ಕೇ ಬದಲಾಗುತ್ತೆ. ಅಲ್ಲಿ ಜೋಡಿ ಅಂದ್ರೆ ಪ್ರಣಯ ಅಲ್ಲ, ಎರಡಾಗಿಯೂ ಒಂದಾಗಿರೋದು.

ಆದ್ರೆ ಸಣ್ಣ ಕಾರ್ಡ್‌ಗಳ ನಾಲ್ಕು ಗುಂಪು ನೋಡಿ. ಕೋಲು, ಬಟ್ಟಲು, ಕತ್ತಿ, ನಾಣ್ಯದ ಬದಲು ಪೆತ್ರೋ, ಕಾಂಗೋ, ರಾದಾ ಮತ್ತು ಸಾಂತೇರಿಯಾ ಇಟ್ಟಿದ್ದಾರೆ. ಮೊದಲ ಮೂರು ಹೈಟಿ ವೊಡು ಧರ್ಮದ ಒಳಗಿನ ದೇವತಾ ಕುಲಗಳು. ರಾದಾ ಅಂದ್ರೆ ಪಶ್ಚಿಮ ಆಫ್ರಿಕಾದ ದಾಹೊಮೆ ಕಡೆಯಿಂದ ಬಂದ, ಸ್ವಲ್ಪ ತಂಪು ಸ್ವಭಾವದವರು. ಪೆತ್ರೋ ಅಂದ್ರೆ ಹೈಟಿಯ ನೆಲದಲ್ಲೇ ಗುಲಾಮಗಿರಿಯ ಬೇಗೆಯಲ್ಲಿ ರೂಪುಗೊಂಡ, ಬಿಸಿ ಸ್ವಭಾವದವರು. ನಾಲ್ಕನೆಯದು? ಅದು ಬೇರೆ ದೇಶದ ಬೇರೆಯೇ ಧರ್ಮ. ಇಟಲಿಯ ಇಸ್ಪೀಟಿಗೆ ನಾಲ್ಕು ಗುಂಪು ಬೇಕು, ಹಾಗಾಗಿ ಪಕ್ಕದ ಮನೆಯವರನ್ನ ಕರ್ಕೊಂಡು ಬಂದು ಕೂರಿಸಿದ ಹಾಗಿದೆ. ಡೆಕ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಚಿತ್ರಗಳಲ್ಲಿ ಶ್ರದ್ಧೆ ಇದೆ. ಆದ್ರೆ ಚೌಕಟ್ಟು ಯಾರದ್ದೋ ಅವರ ಲೆಕ್ಕವೇ ನಡೆಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದ್ರೆ ಸಾಂತೇರಿಯಾದ ಸ್ವಂತ ಲೆಕ್ಕ ಯಾವುದು? ಅಲ್ಲಿ ಓರಿಶಾಗಳಿಗೆ ಮುಖ ಮುಖ್ಯ ಅಲ್ಲ. ಮನೆಯೊಳಗೆ ಮುಚ್ಚಳದ ಪಿಂಗಾಣಿ ಪಾತ್ರೆಯಲ್ಲಿರೋ ಕಲ್ಲುಗಳಲ್ಲಿ ಅವರ ಶಕ್ತಿ ಇರುತ್ತೆ. ಅವರನ್ನ ಗುರುತಿಸೋದು ಬಣ್ಣದಿಂದ, ಮಣಿಸರದಿಂದ, ಅಂಕಿಯಿಂದ. ಎಲೆಗುವಾ ಕೆಂಪು-ಕಪ್ಪು, 3. ಓಚುನ್ ಹಳದಿ, 5. ಚಾಂಗೋ ಕೆಂಪು-ಬಿಳಿ, 6. ಯೆಮಾಯಾ ನೀಲಿ-ಬಿಳಿ, 7. ಒಬಾತಾಲಾ ಅಚ್ಚ ಬಿಳಿ, 8. ಅಂದ್ರೆ ಡಿಸೈನರ್ ದೇವರ ಮುಖ ಬಿಡಿಸದೇ ಒಂದು ಇಡೀ ಡೆಕ್ ಮಾಡಬಹುದು, ಬರೀ ಬಣ್ಣ ಮತ್ತು ಅಂಕಿ ಇಟ್ಟುಕೊಂಡು. ನನಗೆ ಈ ದಾರಿಯೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತೆ.

ಆದ್ರೆ ತಕ್ಷಣ ಟ್ಯಾರೋ ಜೊತೆ ಡಿಕ್ಕಿ ಹೊಡೆಯುತ್ತೆ. ಸ್ಮಿತ್ ಬಿಡಿಸಿದ ಡೆಕ್‌ನಲ್ಲಿ 5 ಅಂದ್ರೆ ಕಷ್ಟದ ಅಂಕಿ. ಬಟ್ಟಲಿನ 5ರಲ್ಲಿ ಕಪ್ಪು ಬಟ್ಟೆಯವನೊಬ್ಬ ಚೆಲ್ಲಿಹೋದದ್ದನ್ನ ನೋಡ್ತಾ ನಿಂತಿದ್ದಾನೆ. ನಾಣ್ಯದ 5ರಲ್ಲಿ ಹಿಮದಲ್ಲಿ ಇಬ್ಬರು ಭಿಕ್ಷುಕರು. ಓಚುನ್‌ಗೆ 5 ಅಂದ್ರೆ ನದಿ, ಜೇನು, ಹಿತ್ತಾಳೆ ಬಳೆ, ಸಿಹಿ. ಯಾವ ಅರ್ಥ ಇಟ್ಕೋಬೇಕು? ಸ್ಮಿತ್‌ನ ಅರ್ಥ ಉಳಿಸಿದ್ರೆ ಓಚುನ್ ಬರೀ ಅಲಂಕಾರ. ಓಚುನ್‌ನ ಅರ್ಥ ಉಳಿಸಿದ್ರೆ ಟ್ಯಾರೋ ಕಲಿತವರು ಈ ಡೆಕ್ ಬಳಸೋಕೇ ಆಗಲ್ಲ, ಪ್ರಕಾಶಕ ಒಪ್ಪಲ್ಲ. ಇಂಥ ಕಡೆ ತೀರ್ಮಾನ ಮಾಡಬೇಕಾದವನು ಡಿಸೈನರ್, ಎರಡಕ್ಕೂ ಅರ್ಧರ್ಧ ಅಂತ ಸಮಾಧಾನ ಮಾಡೋಕಾಗಲ್ಲ.

ಇನ್ನೊಂದು ವಿಷಯ, 78 ಯಾಕೆ ಬೇಕೇ ಬೇಕು? ಹೈಟಿಯ ಶಾಸ್ತ್ರ ಹೇಳೋರು ಸಾಮಾನ್ಯ ಇಸ್ಪೀಟಿನ ಎಲೆಗಳನ್ನೇ ಹಾಕಿ ನೋಡ್ತಾರೆ. ಸ್ಪ್ಯಾನಿಷ್ ಮಾತಾಡೋ ದ್ವೀಪಗಳಲ್ಲಿ 40 ಎಲೆಯ ಕಟ್ಟು ಇದೆ. ಸಾಂತೇರಿಯಾದಲ್ಲಿ ಮುಖ್ಯ ಶಾಸ್ತ್ರ 16 ಕವಡೆಗಳದ್ದು. ಹೌದು, ನಮ್ಮ ಕಡೆ ಕವಡೆ ಶಾಸ್ತ್ರ ಅಂತೀವಲ್ಲ, ಅಂಥದ್ದೇ ಕವಡೆ. ಆಫ್ರಿಕಾದ ಪಶ್ಚಿಮ ತೀರದಲ್ಲಿ ದುಡ್ಡಾಗಿ ಓಡಿದ ಕವಡೆಗಳ ದೊಡ್ಡ ಪಾಲು ಹೋಗಿದ್ದು ನಮ್ಮ ಕಡಲಿನ ಮಾಲ್ಡೀವ್ಸ್‌ನಿಂದ. ಯುರೋಪಿನ ವ್ಯಾಪಾರಿಗಳು ಅದೇ ಕವಡೆ ಸುರಿದು ಮನುಷ್ಯರನ್ನ ಕೊಂಡ್ಕೊಂಡ್ರು. ಡೆಕ್‌ನಲ್ಲಿ ಕವಡೆ ಬಿಡಿಸೋ ಮುಂಚೆ ಇದು ಗೊತ್ತಿರಬೇಕು. ಶಾಸ್ತ್ರದ ಸಾಮಾನೂ ಅದೇ, ಮಾರಾಟದ ಬೆಲೆಯೂ ಅದೇ.

15ನೇ ನಂಬರ್

ಈಗ ಲೆಗ್ಬಾನ ಜಾಗ. ಹೈಟಿಯ ಯಾವುದೇ ವೊಡು ಪೂಜೆಯಲ್ಲಿ ಮೊದಲ ನಮಸ್ಕಾರ ಲೆಗ್ಬಾನಿಗೆ. ಅವನು ಬಾಗಿಲು ತೆಗೆಯದೆ ಬೇರೆ ಲ್ವಾಗಳು ಬರೋ ಹಾಗಿಲ್ಲ. ಗಣಪತಿ ಪೂಜೆ ಮಾಡದೆ ಏನೂ ಶುರು ಮಾಡದ ನಮಗೆ ಇದನ್ನ ವಿವರಿಸಬೇಕಾಗಿಲ್ಲ. ಹುಲ್ಲಿನ ಟೋಪಿ, ಹೆಗಲಿಗೆ ಚೀಲ, ಊರುಗೋಲು, ಪೈಪು, ಜೊತೆಗೊಂದು ನಾಯಿ. ನಾಲ್ಕು ದಾರಿ ಕೂಡೋ ಜಾಗ ಅವನದ್ದು. ಅವನ ಬಂಧುಗಳು ಯೊರುಬಾ ಜನರ ಎಶು, ಕ್ಯೂಬಾದ ಎಲೆಗುವಾ. ಎಲೆಗುವಾ ಮುದುಕನೂ ಹೌದು, ತುಂಟ ಮಗುವೂ ಹೌದು. ಕೆಂಪು-ಕಪ್ಪು ಬಣ್ಣ, ಕೀಟಲೆ ಸ್ವಭಾವ.

19ನೇ ಶತಮಾನದಲ್ಲಿ ಬೈಬಲ್ ಯೊರುಬಾ ಭಾಷೆಗೆ ಬಂತು. ಆ ಕೆಲಸದ ಮುಂದಾಳು ಸ್ಯಾಮುವೆಲ್ ಅಜಾಯಿ ಕ್ರೌಥರ್, ತಾನೇ ಯೊರುಬಾದವನು, ಹುಡುಗನಾಗಿದ್ದಾಗ ಗುಲಾಮರ ಹಡಗಿನಿಂದ ಬಿಡುಗಡೆಯಾದವನು. ಆ ಅನುವಾದದಲ್ಲಿ ಸೈತಾನ ಅನ್ನೋದಕ್ಕೆ ಬಳಕೆಯಾದ ಹೆಸರು ಎಶು. ಒಂದು ಪದದ ಆಯ್ಕೆ, ಅಷ್ಟೇ. ತಲೆಮಾರುಗಳ ಕಾಲ ಜನ ತಮ್ಮದೇ ಬಾಗಿಲ ದೇವರಿಗೆ ಹೆದರೋಕೆ ಶುರು ಮಾಡಿದ್ರು.

ಟ್ಯಾರೋದಲ್ಲಿ 15ನೇ ಕಾರ್ಡ್ ಸೈತಾನ. ಕೆಂಪು, ಕಪ್ಪು, ಕಿಲಾಡಿ ದೇವರು ಅಂತ ನೋಡಿ ಯಾರಾದ್ರೂ ಎಶುನನ್ನ ಅಲ್ಲಿ ಕೂರಿಸಿದ್ರೆ ಅದು ಹೊಸ ವಿನ್ಯಾಸ ಅಲ್ಲ, ಹಳೇ ಅನುವಾದದ ಮರುಮುದ್ರಣ. ಇದು ಬರೀ ಚಿತ್ರದ ವಿಷಯ ಅಲ್ವಾ ಅಂತ ಕೇಳಬಹುದು. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನ ಆಕ್ರಮಿಸಿಕೊಂಡಿತ್ತು. ಆ ಕಾಲದಲ್ಲೇ, 1932ರಲ್ಲಿ, ಹಾಲಿವುಡ್ ವೈಟ್ ಜಾಂಬಿ ಸಿನಿಮಾ ತೆಗೆಯಿತು. ವೊಡು ಅಂದ್ರೆ ಮಾಟ, ಗೊಂಬೆಗೆ ಸೂಜಿ ಚುಚ್ಚೋದು ಅನ್ನೋ ಚಿತ್ರ ಜಗತ್ತಿಗೆಲ್ಲ ಹರಡ್ತು, ನಮ್ಮವರೆಗೂ ಬಂತು. 1940ರ ದಶಕದ ಶುರುವಿನಲ್ಲಿ ಚರ್ಚು ಸರ್ಕಾರದ ಬೆಂಬಲದಿಂದ ಪೂಜಾ ಸಾಮಗ್ರಿ ಸುಡೋ ಅಭಿಯಾನ ನಡೆಸಿತು. ವೊಡು ಅಧಿಕೃತ ಧರ್ಮ ಅಂತ ಹೈಟಿ ಸರ್ಕಾರ ಒಪ್ಪಿಕೊಂಡಿದ್ದು 2003ರಲ್ಲಿ. 2010ರ ಭೂಕಂಪದ ನಂತರ ಕಾಲರಾ ಬಂದಾಗ "ಇವರೇ ಮಾಟ ಮಾಡಿ ರೋಗ ಹರಡಿದ್ದು" ಅಂತ ಗುಂಪುಗಳು ಕನಿಷ್ಠ 45 ಜನರನ್ನ ಕೊಂದವು. ಹೆಚ್ಚಿನವರು ವೊಡು ಅರ್ಚಕರು. ಚಿತ್ರಗಳು ಜನರ ತಲೆಯೊಳಗೆ ಕೂತು ಏನು ಮಾಡ್ತವೆ ಅನ್ನೋದು ಬರೀ ಕಾಲೇಜಿನ ಚರ್ಚೆಯ ವಿಷಯ ಅಲ್ಲ.

ಹಾಗಾದ್ರೆ 15ರಲ್ಲಿ ಯಾರು? ವೊಡು ಧರ್ಮದಲ್ಲಿ ಕ್ರೈಸ್ತ ಅರ್ಥದ ಸೈತಾನ ಇಲ್ಲ. ಸ್ಮಿತ್‌ನ ಕಾರ್ಡ್ ಗಮನ ಕೊಟ್ಟು ನೋಡಿ: ಸೈತಾನನ ಕಾಲ ಕೆಳಗೆ ಸರಪಳಿ ಹಾಕಿಸಿಕೊಂಡ ಒಂದು ಗಂಡು, ಒಂದು ಹೆಣ್ಣು. ಹೈಟಿಯ ಕಣ್ಣಲ್ಲಿ ಸರಪಳಿ ಅಂದ್ರೆ ಏನು? ಸಕ್ಕರೆ ತೋಟ. ನಾನು ಡಿಸೈನರ್ ಆಗಿದ್ರೆ ಅಲ್ಲಿ ದೇವತೆಯನ್ನ ಬಿಡಿಸ್ತಾ ಇರ್ಲಿಲ್ಲ, ಕಬ್ಬಿನ ಗಾಣ ಮತ್ತು ತೋಟದ ಲೆಕ್ಕದ ಪುಸ್ತಕ ಬಿಡಿಸ್ತಿದ್ದೆ.

ಲೆಗ್ಬಾನನ್ನ ಕೆಲವರು ಮೂರ್ಖನ ಜಾಗದಲ್ಲಿ, ಸೊನ್ನೆ ನಂಬರ್‌ನಲ್ಲಿ ಇಡಬಹುದು ಅಂತಾರೆ. ಮೇಲ್ನೋಟಕ್ಕೆ ಹೊಂದುತ್ತೆ. ಸ್ಮಿತ್‌ನ ಮೂರ್ಖನಿಗೂ ಕೋಲಿದೆ, ಗಂಟಿದೆ, ಕಾಲ ಬಳಿ ನಾಯಿ ಇದೆ. ಆದ್ರೆ ಅವನು ಏನೂ ಗೊತ್ತಿಲ್ಲದೆ ಬಂಡೆಯ ಅಂಚಿಗೆ ನಡೆಯೋ ಹುಡುಗ. ಲೆಗ್ಬಾ ಎಲ್ಲ ದಾರಿ ಗೊತ್ತಿರೋ ಮುದುಕ. ನನ್ನ ಉತ್ತರ ಬೇರೆ: ಅವನನ್ನ 78ರ ಒಳಗೆ ಹಾಕಲೇಬಾರದು. ಒಂದು ಹೆಚ್ಚುವರಿ ಕಾರ್ಡ್, ಕಲಸದೇ ಇರೋದು. ಡಬ್ಬಿ ತೆರೆದ್ರೆ ಮೊದಲು ಕೈಗೆ ಸಿಗೋದು ಅದೇ. ಅದನ್ನ ಮೇಜಿನ ಮೇಲೆ ಇಟ್ಟ ಮೇಲೆ ಉಳಿದ ಕಟ್ಟು ಕಲಸೋದು. ಆಗ ಅವನ ಕೆಲಸವನ್ನ ಕಾರ್ಡ್ ಚಿತ್ರವಾಗಿ ತೋರಿಸಲ್ಲ, ಮಾಡಿಯೇ ತೋರಿಸುತ್ತೆ.

ಸಾವಿನ ಕಾರ್ಡ್ ಇಷ್ಟು ಕಷ್ಟ ಇಲ್ಲ, ಆದ್ರೆ ಹಾಲಿವುಡ್ ಅಡ್ಡ ಬರುತ್ತೆ. ಬಾವೊನ್ ಸಾಮ್ದಿ, ಎತ್ತರದ ಕಪ್ಪು ಟೋಪಿಯ ಸ್ಮಶಾನದ ಒಡೆಯ, 1973ರ ಬಾಂಡ್ ಸಿನಿಮಾ ಲಿವ್ ಅಂಡ್ ಲೆಟ್ ಡೈನಲ್ಲಿ ವಿಲನ್ ಕಡೆಯವನು. ನಿಜವಾಗಿ ಅವನು ಮತ್ತು ಅವನ ಗೆದೆ ಬಳಗ ಹೇಗಿದ್ದಾರೆ ಅಂದ್ರೆ, ನವೆಂಬರ್ 1 ಮತ್ತು 2ರಂದು ಹೈಟಿಯ ಸ್ಮಶಾನಗಳಲ್ಲಿ ಜಾತ್ರೆ ನಡೆಯುತ್ತೆ. ಗೆದೆ ಮೈಮೇಲೆ ಬಂದವರು ನೇರಳೆ-ಕಪ್ಪು ಬಟ್ಟೆ, ಕಪ್ಪು ಕನ್ನಡಕ ಹಾಕ್ಕೊಂಡು ಮೂಗಿನಲ್ಲಿ ಮಾತಾಡ್ತಾ ಪೋಲಿ ಜೋಕ್ ಹೊಡೀತಾರೆ, ಖಾರದ ಮೆಣಸಿನಕಾಯಿ ನೆನೆಸಿದ ರಮ್ ಕುಡೀತಾರೆ. ಕಾಯಿಲೆ ಮಕ್ಕಳನ್ನ ಕಾಪಾಡೋದೂ ಅವರೇ. ಸ್ಮಿತ್‌ನ ಸಾವು ಬಿಳಿ ಕುದುರೆ ಏರಿದ ಅಸ್ಥಿಪಂಜರ, ಗಂಭೀರ. ಗೆದೆ ನಗಿಸಬೇಕು. ನಗು ಬರದ ಗೆದೆ ಕಾರ್ಡ್ ಸೋತ ಹಾಗೆ.

ಚಕ್ರವರ್ತಿ ಕಾರ್ಡಿಗೆ ಹುಡುಕಾಟವೇ ಬೇಡ. 1804ರಲ್ಲಿ ಹೈಟಿಗೆ ಸ್ವಾತಂತ್ರ್ಯ ಘೋಷಿಸಿದ, ತಾನೇ ಗುಲಾಮನಾಗಿದ್ದ ದೆಸಲಿನ್ ಚಕ್ರವರ್ತಿ ಪಟ್ಟ ಕಟ್ಟಿಕೊಂಡ. 1806ರಲ್ಲಿ ಕೊಲೆಯಾದ. ಇವತ್ತು ಕಬ್ಬಿಣ ಮತ್ತು ಯುದ್ಧದ ಲ್ವಾ ಒಗುವಿನ ರೂಪಗಳಲ್ಲಿ ಒಗು ದೆಸಲಿನ್ ಒಬ್ಬ. ಮನುಷ್ಯ, ಚಕ್ರವರ್ತಿ, ದೇವರು, ಮೂರೂ ಒಂದೇ ಕಾರ್ಡಿನಲ್ಲಿ.

ಚಿತ್ರ ಯಾರ ಕೈಯಿಂದ

ವೆವೆ ಅಂತ ಒಂದಿದೆ. ಪ್ರತಿ ಲ್ವಾಗೂ ಒಂದು ರೇಖಾಚಿತ್ರ. ಅರ್ಚಕರು ಬೆರಳ ಸಂದಿಯಿಂದ ಮೆಕ್ಕೆಜೋಳದ ಹಿಟ್ಟು ಬಿಡ್ತಾ ನೆಲದ ಮೇಲೆ ಬಿಡಿಸ್ತಾರೆ. ರಂಗೋಲಿ ನೋಡಿ ಬೆಳೆದ ಕಣ್ಣಿಗೆ ಆ ಬೆರಳಿನ ಚಲನೆ ಕೂಡಲೇ ಹಿಡಿಸುತ್ತೆ. ಆಮೇಲೆ ಕುಣಿಯೋರ ಕಾಲಡಿ ಅದು ಅಳಿಸಿಹೋಗುತ್ತೆ, ಅಳಿಸಬೇಕು ಕೂಡ. ಡೆಕ್ ಮಾಡೋರೆಲ್ಲ ಮೊದಲು ಕೈ ಹಾಕೋದು ವೆವೆಗೆ, ಯಾಕಂದ್ರೆ ಅದು ರೆಡಿಮೇಡ್ ಲೋಗೋ ತರ ಕಾಣುತ್ತೆ. ಕರೆಯೋಕೆ ಅಂತ ಬಿಡಿಸೋ, ಕರೆದ ಮೇಲೆ ಅಳಿಸಿಹೋಗೋ ಗೆರೆಯನ್ನ ಲ್ಯಾಮಿನೇಟ್ ಮಾಡಿ ಡಬ್ಬಿಗೆ ಹಾಕೋದರಲ್ಲಿ ಏನೋ ಸರಿ ಇಲ್ಲ ಅಂತ ನನಗನ್ನಿಸುತ್ತೆ. ಹೈಟಿಯ ಕಲಾವಿದರೇ ವೆವೆಯನ್ನ ಕಬ್ಬಿಣದಲ್ಲಿ ಕತ್ತರಿಸ್ತಾರೆ, ಬಟ್ಟೆಯ ಮೇಲೆ ಹೊಲೀತಾರೆ, ಹಾಗಾಗಿ ಇದು ನಿಷೇಧ ಅಂತ ಹೇಳೋಕೆ ನಾನ್ಯಾರು. ಆದ್ರೆ ಯಾರು ಮಾಡ್ತಿದ್ದಾರೆ ಅನ್ನೋದು ಲೆಕ್ಕಕ್ಕೆ ಬರುತ್ತೆ. ಕಾಂತಾರ ಬಂದ ಮೇಲೆ ದೈವದ ವೇಷ ಹಾಕ್ಕೊಂಡು ರೀಲ್ಸ್ ಮಾಡಿದವರ ಬಗ್ಗೆ ಕರಾವಳಿಯವರು ಬೇಸರ ಮಾಡ್ಕೊಂಡಿದ್ದು ನೆನಪಿದ್ರೆ, ವ್ಯತ್ಯಾಸ ಎಲ್ಲಿದೆ ಅಂತ ನಿಮಗೇ ಹೊಳೆಯುತ್ತೆ.

ಇನ್ನೊಂದು ದಾರಿ ಹಿಡಿದದ್ದು ಘೆಟ್ಟೋ ಟ್ಯಾರೋ. ಬೆಲ್ಜಿಯಂನ ಫೋಟೋಗ್ರಾಫರ್ ಆಲಿಸ್ ಸ್ಮೀಟ್ಸ್, ಪೋರ್ತ್-ಓ-ಪ್ರಿನ್ಸ್ ನಗರದ ಅತಿಸ್ ರೆಜಿಸ್ತಾನ್ಸ್ ಅನ್ನೋ ಕಲಾವಿದರ ಗುಂಪಿನ ಜೊತೆ ಸೇರಿ ಮಾಡಿದ್ದು, ಜನರಿಂದ ಆನ್‌ಲೈನ್ ಹಣ ಸಂಗ್ರಹಿಸಿ. ಇದರಲ್ಲಿ ದೇವರನ್ನ ಹೊಸ ಜಾಗಕ್ಕೆ ಕೂರಿಸೋ ಗೋಜೇ ಇಲ್ಲ. ಸ್ಮಿತ್‌ನ 1909ರ ದೃಶ್ಯಗಳನ್ನೇ ಆ ಕಲಾವಿದರು ತಮ್ಮ ಗಲ್ಲಿಯಲ್ಲಿ, ಗುಜರಿ ಸಾಮಾನಿನಲ್ಲಿ ಮತ್ತೆ ಕಟ್ಟಿ ನಿಂತರು, ಅವಳು ಫೋಟೋ ತೆಗೆದಳು. ಚೌಕಟ್ಟು ಯುರೋಪಿನದ್ದೇ, ಆದ್ರೆ ಒಳಗೆ ನಿಂತು ನಮ್ಮ ಕಡೆ ನೋಡ್ತಿರೋರು ಹೈಟಿಯವರು. ನನಗೆ ಇದು 1992ರ ಡೆಕ್‌ಗಿಂತ ಹೆಚ್ಚು ಇಷ್ಟ. ಆ ಗುಂಪಿನವರು 2009ರಿಂದ ಘೆಟ್ಟೋ ಬಿಯೆನಾಲೆ ಅಂತ ಕಲಾ ಪ್ರದರ್ಶನವನ್ನೂ ನಡೆಸಿದ್ದಾರೆ. ಘೆಟ್ಟೋ ಅನ್ನೋ ಪದ ಅವರದ್ದೇ ಆಯ್ಕೆ.

ಈಗ ದುಡ್ಡು. ಸ್ಮಿತ್ 1909ರಲ್ಲಿ ಡೆಕ್ ಮುಗಿಸಿದಾಗ ಸ್ನೇಹಿತನಿಗೆ ಬರೆದ ಪತ್ರದಲ್ಲಿ, ಕೆಲಸ ದೊಡ್ಡದು, ಸಿಕ್ಕಿದ ಹಣ ತೀರಾ ಕಡಿಮೆ ಅನ್ನೋ ಅರ್ಥದ ಮಾತು ಇದೆ. 1951ರಲ್ಲಿ ಇಂಗ್ಲೆಂಡಿನ ಬ್ಯೂಡ್ ಅನ್ನೋ ಊರಲ್ಲಿ ಸಾಲ ಉಳಿಸಿಕೊಂಡೇ ತೀರಿಹೋದಳು. ಭಾರತದ ಕಾನೂನಿನಲ್ಲಿ ಕಲಾವಿದರು ತೀರಿದ 60 ವರ್ಷಕ್ಕೆ ಕಾಪಿರೈಟ್ ಮುಗಿಯುತ್ತೆ, ಬ್ರಿಟನ್‌ನಲ್ಲಿ 70. ಅಂದ್ರೆ ಅವಳ ಚಿತ್ರ ಈಗ ಯಾರು ಬೇಕಾದ್ರೂ ಅಚ್ಚು ಹಾಕಬಹುದು, ಹಾಕ್ತಾ ಇದ್ದಾರೆ. ವೆವೆಗೆ, ಎಝಿಲಿ ದಾಂತೊರ್‌ನ ಕೆನ್ನೆಯ ಗಾಯದ ಗುರುತಿಗೆ ಕಾಪಿರೈಟೇ ಇಲ್ಲ, ಯಾಕಂದ್ರೆ ಅದಕ್ಕೆ ಒಬ್ಬ ಲೇಖಕ ಇಲ್ಲ. ಕಾನೂನಿನ ಪ್ರಕಾರ ಯಾರಿಗೂ ಸೇರದ್ದು, ಹಾಗಾಗಿ ಎಲ್ಲರೂ ತಗೋಬಹುದು.

ಒಂದು ಡೆಕ್‌ನ ಕಾಸ್ಟ್ ಶೀಟ್ ಹಾಕಿ ನೋಡಿ. ಕಾರ್ಡ್ ಬೋರ್ಡ್, ನಾಲ್ಕು ಬಣ್ಣದ ಅಚ್ಚು, ಕೋಟಿಂಗ್, ಮೂಲೆ ಗುಂಡಗೆ ಕತ್ತರಿಸೋದು, ಡಬ್ಬಿ, ಜೊತೆಗೆ ಕೊಡೋ ಕಿರುಪುಸ್ತಕ, ಸಾಗಾಣಿಕೆ, ಪ್ಲಾಟ್‌ಫಾರ್ಮ್ ಕಮಿಷನ್, ಜಾಹೀರಾತು, ಚಿತ್ರಕಾರನ ಫೀಸು. ಆ ದೇವರನ್ನ ಇಷ್ಟು ಕಾಲ ಉಳಿಸಿಕೊಂಡು ಬಂದವರಿಗೆ ಅಂತ ಒಂದು ಸಾಲು ಎಲ್ಲಿ ಬರುತ್ತೆ? ಸೇರಿಸೋದು ಕಷ್ಟ ಅಲ್ಲ. ಹೈಟಿಯ ಒಬ್ಬ ಕಲಾವಿದೆಗೆ ಹತ್ತು ಕಾರ್ಡ್ ಬಿಡಿಸೋಕೆ ಹೇಳಿ ರಾಯಲ್ಟಿ ಒಪ್ಪಂದ ಮಾಡ್ಕೊಳ್ಳಿ. ಒಬ್ಬ ಅರ್ಚಕರಿಗೆ ಫೀಸು ಕೊಟ್ಟು 78 ಸ್ಕೆಚ್ ತೋರಿಸಿ, "ಇದು ಬೇಡ" ಅಂದದ್ದನ್ನ ತೆಗೆದುಹಾಕಿ. ಸಾಂತೇರಿಯಾದಲ್ಲಿ ದೀಕ್ಷೆ ಆಗದವರು ನೋಡಬಾರದ ವಿಷಯಗಳಿವೆ, ಅವನ್ನ ಬಿಡಿಸದೇ ಬಿಡೋದೂ ಡಿಸೈನ್ ಕೆಲಸವೇ. ಕಿರುಪುಸ್ತಕದಲ್ಲಿ "ಆಫ್ರಿಕನ್ ದೇವತೆ" ಅಂತ ಗೋಳುಮಾಳಾಗಿ ಬರೆಯೋ ಬದಲು ಯಾವ ದೇಶ, ಯಾವ ಕುಲ, ಯಾವ ಹೆಸರು ಅಂತ ಸ್ಪಷ್ಟವಾಗಿ ಅಚ್ಚು ಹಾಕೋಕೆ ಒಂದು ರೂಪಾಯಿ ಹೆಚ್ಚು ಬೀಳಲ್ಲ.

ಚಿತ್ರ ನೋಡಬೇಕು ಅನ್ನಿಸಿದವರು ಡೆಕ್ ಹುಡುಕೋ ಮುಂಚೆ ಇಬ್ಬರ ಕೆಲಸ ಹುಡುಕಿ. ಒಬ್ಬರು ಹೆಕ್ಟರ್ ಇಪೊಲಿತ್, ವೊಡು ಅರ್ಚಕ ಮತ್ತು ಚಿತ್ರಕಾರ, 1948ರಲ್ಲಿ ತೀರಿಕೊಂಡ್ರು. ಇನ್ನೊಬ್ಬರು ಮಿರ್ಲಾಂದ್ ಕಾನ್ಸ್ತಾಂ. ಮದುವೆ ಗೌನ್ ಹೊಲಿಯೋ ಫ್ಯಾಕ್ಟರಿಯಲ್ಲಿ ಕಲಿತ ಮಣಿ ಕೆಲಸವನ್ನ ದ್ರಾಪೋಗೆ, ಅಂದ್ರೆ ವೊಡು ದೇವಸ್ಥಾನದ ಮಿನುಗೋ ಬಾವುಟಕ್ಕೆ, ತಂದವರು. 2022ರ ವೆನಿಸ್ ಬಿಯೆನಾಲೆಯಲ್ಲಿ ಅವರ ಬಾವುಟಗಳು ಇದ್ವು. ಫೋನಿನ ಸ್ಕ್ರೀನ್‌ನಲ್ಲಿ ಜೂಮ್ ಮಾಡಿ ನೋಡಿ, ಒಂದೊಂದು ಮಣಿಯೂ ಕೈಯಲ್ಲಿ ಪೋಣಿಸಿ ಹೊಲಿದದ್ದು.

ಮುಂದಿನ ವಾರ ಸಿಗ್ತೀನಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದ ಒಳಗೆ ಇರ್ಲಿ ದಯವಿಟ್ಟು.